ಅಣಬೆಯ ಕೋಣೆಗೊಂದು ಕಾವಲು

ಮುಂಗಾರಿನ ಮಳೆ ಹದವಾಗಿ ಸುರಿದು ನೆಲದ ಕಾವು ಇಳಿದ ಮೇಲೆ, ಹುತ್ತಗಳ ಮಗ್ಗುಲಲ್ಲಿ ಬೆಳಗಾಗುವಷ್ಟರಲ್ಲಿ ಬಿಳಿಯ ಕೊಡೆಗಳು ಎದ್ದು ನಿಂತಿರುವುದನ್ನು ಹಳ್ಳಿಯ ಮಕ್ಕಳು ಕಂಡಿರುತ್ತಾರೆ. ನಿನ್ನೆ ಅಲ್ಲಿ ಏನೂ ಇರಲಿಲ್ಲ. ಇಂದು ಕೊಡೆಗಳ ಸಾಲೇ ಇದೆ. ನಾಳೆ ಅದು ಬಾಡಿ ಮಣ್ಣಾಗುತ್ತದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಆದುದರಿಂದಲೇ ಜನರು ಅದನ್ನು ನಾಯಿಕೊಡೆಯೆಂದು ಹೀಗಳೆದರು. ಯಾವ ಶ್ರಮವೂ ಇಲ್ಲದೆ ಎಲ್ಲೆಂದರಲ್ಲಿ ತಲೆಯೆತ್ತುವ ವಸ್ತುಗಳಿಗೆಲ್ಲ ಅದರ ಹೋಲಿಕೆಯನ್ನೇ ಕೊಟ್ಟರು. ಆದರೆ ಅದೇ ಅಣಬೆಯನ್ನು ಮನೆಯ ಕೋಣೆಯಲ್ಲಿ ಬೆಳೆಸಲು ಹೊರಟವರ ಅನುಭವವೇ ಬೇರೆ. ಜೋಳವು ಎಂಟು ದಿನ ಮಳೆಯಿಲ್ಲದಿದ್ದರೂ ಬದುಕಿಕೊಂಡೀತು. ಹಿಂಗಾರಿಯ ಕಡಲೆಯು ಎರೆಭೂಮಿಯ ಹಸಿಯನ್ನೇ ನೆಚ್ಚಿ ಕಾಯಿಗಟ್ಟೀತು. ಅಣಬೆಯು ಮಾತ್ರ ಒಂದು ಮಧ್ಯಾಹ್ನದ ಒಣಗಾಳಿಯನ್ನು ತಡೆಯಲಾರದು.

ಇದಕ್ಕೆ ಕಾರಣ ಅದರ ದೇಹರಚನೆಯಲ್ಲಿಯೇ ಇದೆ. ಅಣಬೆ ಗಿಡವಲ್ಲ, ಶಿಲೀಂಧ್ರ. ಅದಕ್ಕೆ ಹಸಿರೆಲೆಯಿಲ್ಲ, ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ತಯಾರಿಸಿಕೊಳ್ಳುವ ವಿದ್ಯೆ ಅದಕ್ಕೆ ತಿಳಿಯದು. ಸತ್ತ ಸಸ್ಯದ ನಾರನ್ನು ಕರಗಿಸಿ, ಹೀರಿಕೊಂಡು ಅದು ಬೆಳೆಯುತ್ತದೆ. ಮನುಷ್ಯರಂತೆಯೇ ಆಮ್ಲಜನಕವನ್ನು ಒಳಗೆಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಕೊಯ್ದ ಅಣಬೆಯ ತೂಕದಲ್ಲಿ ನೂರಕ್ಕೆ ಸುಮಾರು ೯೦ ಪಾಲು ನೀರು. ಆ ನೀರನ್ನು ಹಿಡಿದಿಟ್ಟುಕೊಳ್ಳಲು ಎಲೆಗಿರುವಂಥ ಮೇಣದ ಹೊದಿಕೆಯಾಗಲಿ, ಹಣ್ಣಿಗಿರುವಂಥ ಸಿಪ್ಪೆಯಾಗಲಿ ಅದಕ್ಕಿಲ್ಲ. ಸುತ್ತಲಿನ ಗಾಳಿ ಒಣಗಿದೊಡನೆ ಅದರ ಮೈಯೂ ಒಣಗುತ್ತದೆ. ಗುಂಡುಸೂಜಿಯ ತಲೆಯಷ್ಟು ಗಾತ್ರದ ಮೊಗ್ಗುಗಳಂತೂ ಕೆಲವೇ ಗಂಟೆಗಳಲ್ಲಿ ಹಳದಿಗಟ್ಟಿ ಸಾಯುತ್ತವೆ.

ಅಣಬೆಯ ಬೇಸಾಯವು ಕನ್ನಡ ನಾಡಿಗೆ ಹೊಸತೇನಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆಸುವ ಬಗೆಯನ್ನು ಕುರಿತು ೧೯೬೨ರಲ್ಲಿಯೇ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದರು. ಹಿಮಾಚಲ ಪ್ರದೇಶದ ಸೋಲನ್ನಿನಲ್ಲಿ ಅಣಬೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾದುದು ೧೯೮೩ರಲ್ಲಿ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅಣಬೆಯ ಬೀಜವನ್ನು ಒದಗಿಸುತ್ತ, ತರಬೇತಿಯನ್ನು ನೀಡುತ್ತ ಬಂದಿದೆ. ಸೌರಶಕ್ತಿಯಿಂದ ತಾನೇ ನೀರಿನ ಮಂಜನ್ನು ಎರಚಿಕೊಳ್ಳುವ, ಮನೆಯ ಹೊರಗೇ ಇಡಬಹುದಾದ ಪುಟ್ಟ ಅಣಬೆಯ ಗೂಡನ್ನೂ ಅಲ್ಲಿ ರೂಪಿಸಿದ್ದಾರೆ. ಗದಗದ ಸಮೀಪದಲ್ಲಿಯೇ, ಹುಲಕೋಟಿಯಲ್ಲಿ, ಕೆ. ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರವಿದೆ. ಧಾರವಾಡದಲ್ಲಿ ೧೯೮೬ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಹೀಗೆ ವಿದ್ಯೆಯ ಕೊರತೆಯಿಲ್ಲ. ಆದರೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಿನ ಸಣ್ಣ ಹಿಡುವಳಿದಾರರಿಗೆ ಅಣಬೆಯು ಇನ್ನೂ ನೆಚ್ಚಿಕೆಯ ಬೆಳೆಯಾಗಿಲ್ಲ. ಏಕೆಂಬುದನ್ನು ವಿಚಾರಿಸುವುದಕ್ಕೆ ಮೊದಲು ಆ ಸೀಮೆಯ ಗಾಳಿಯನ್ನೂ ನೆಲವನ್ನೂ ಅರಿಯಬೇಕು.

೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಗದಗ ಜಿಲ್ಲೆಯು ಬಹುಮಟ್ಟಿಗೆ ಬಯಲುಸೀಮೆ. ಕಪ್ಪತಗುಡ್ಡದ ಸಾಲೊಂದು ಅದರ ನಡುವೆ ಹಾದುಹೋಗಿದೆ; ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮಳೆ ಕಡಿಮೆ, ಗಾಳಿ ಹೆಚ್ಚು. ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳನ್ನು ತಿರುಗಿಸುವ ಅದೇ ಗಾಳಿಯು ಕೆಳಗಿನ ಊರುಗಳಲ್ಲಿ ಒದ್ದೆ ಬಟ್ಟೆಯನ್ನು ಗಳಿಗೆಯೊಳಗೆ ಒಣಗಿಸಿಬಿಡುತ್ತದೆ. ಬೆಟಗೇರಿಯ ನೇಕಾರರಿಗೆ ಇದರ ತಾಪ ಹೊಸದಲ್ಲ. ಗಾಳಿ ಒಣಗಿದರೆ ಹತ್ತಿಯ ನೂಲು ಪಟಪಟನೆ ಹರಿಯುತ್ತದೆ. ನೆಲದಲ್ಲಿ ತಗ್ಗು ತೋಡಿ ಮಗ್ಗ ಹೂಡುವ ಪದ್ಧತಿಯಲ್ಲಿ ಮಣ್ಣಿನ ತಂಪು ನೂಲನ್ನು ಕಾಪಾಡುವ ಉಪಾಯವೂ ಅಡಗಿದೆ. ಅಣಬೆಯೂ ನೂಲಿನಂತೆಯೇ ಗಾಳಿಯ ತೇವವನ್ನು ಬೇಡುವ ವಸ್ತು.

ಈ ಸೀಮೆಯಲ್ಲಿ ಅಣಬೆಗೆ ಮೇವಿಗೇನೂ ಬರವಿಲ್ಲ. ಜೋಳದ ಕಣಿಕೆ, ಗೋವಿನಜೋಳದ ದಂಟು, ಶೇಂಗಾದ ಹೊಟ್ಟು, ಹತ್ತಿಯ ಕಟ್ಟಿಗೆ ಇವೆಲ್ಲವೂ ನಾರಿನ ಭಂಡಾರಗಳೇ. ಇವುಗಳಲ್ಲಿ ಜೋಳದ ಕಣಿಕೆಯು ದನಗಳ ಪಾಲು. ಬರಗಾಲದಲ್ಲಿ ಅದನ್ನು ಅಣಬೆಗೆ ಹಾಕುವೆನೆಂದು ಹೊರಟರೆ ಎತ್ತು ಉಪವಾಸ ಬೀಳುತ್ತದೆ. ಆದರೆ ಹೊಲದಲ್ಲಿಯೇ ಸುಟ್ಟು ಬೂದಿಯಾಗುವ ದಂಟು, ಕಟ್ಟಿಗೆಗಳಿಗೆ ಆ ತಂಟೆಯಿಲ್ಲ. ಅವನ್ನು ಎರಡು ಅಂಗುಲದಷ್ಟು ಕತ್ತರಿಸಿ ಅಥವಾ ಪುಡಿಮಾಡಿ, ರಾತ್ರಿಯಿಡೀ ನೆನೆಯಿಟ್ಟು, ಬಿಸಿನೀರಿನಲ್ಲಿ ಬೇಯಿಸಿ, ಬಸಿದು, ಬೀಜದೊಡನೆ ಪದರ ಪದರವಾಗಿ ಚೀಲಕ್ಕೆ ತುಂಬುತ್ತಾರೆ. ಈ ಬೀಜವೂ ಕೌತುಕದ ವಸ್ತು: ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿಸಿದ ಶಿಲೀಂಧ್ರದ ಬಿಳಿ ಎಳೆಗಳೇ ಅಣಬೆಯ ಬೀಜ. ಕತ್ತಲೆಯಲ್ಲಿ ಸುಮಾರು ೨೦ ದಿನ ಇದ್ದ ಮೇಲೆ ಚೀಲವೆಲ್ಲ ಹಿಂಜಿದ ಅರಳೆಯಂತೆ ಬೆಳ್ಳಗಾಗುತ್ತದೆ. ಅನಂತರ ಬೆಳಕನ್ನೂ ಗಾಳಿಯನ್ನೂ ತೋರಿಸಿ, ತೇವವನ್ನು ಕಾದರೆ ಅಣಬೆ ಮೂಡುತ್ತದೆ. ಒಂದು ಕಿಲೋಗ್ರಾಂ ಒಣ ಹುಲ್ಲಿನಿಂದ ಅರ್ಧದಿಂದ ಮುಕ್ಕಾಲು ಕಿಲೋಗ್ರಾಂವರೆಗೆ ಹಸಿ ಅಣಬೆ ದೊರಕುವುದು ಸಾಮಾನ್ಯ. ಅದರಲ್ಲಿ ಮೊದಲ ಕೊಯ್ಲಿನದೇ ದೊಡ್ಡ ಪಾಲು. ಬಳಸಿ ಉಳಿದ ಹುಲ್ಲು ಗೊಬ್ಬರವಾಗಿ ಮರಳಿ ಹೊಲವನ್ನು ಸೇರುತ್ತದೆ.

ಪೇಟೆಯ ಹೊಟೆಲುಗಳಲ್ಲಿ ಕಾಣುವ ಗುಂಡಿಯಾಕಾರದ ಅಣಬೆಗೆ ಹಣ್ಣಾಗುವ ಕಾಲದಲ್ಲಿ ೧೪ರಿಂದ ೧೮ ಡಿಗ್ರಿ ಸೆಲ್ಸಿಯಸ್ಸಿನ ತಂಪು ಬೇಕು. ಶೀತಯಂತ್ರವಿಲ್ಲದೆ ಅದು ಬಯಲುಸೀಮೆಯಲ್ಲಿ ಬಾರದು. ಬಡವನ ಬೆಳೆಯಲ್ಲ ಅದು. ಚಿಪ್ಪಣಬೆಯು ೨೦ರಿಂದ ೩೦ ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಪಶ್ಚಿಮ ಬಂಗಾಳದಿಂದ ೧೯೭೪ರಲ್ಲಿ ವಿಜ್ಞಾನಲೋಕಕ್ಕೆ ಪರಿಚಿತವಾದ ಹಾಲಣಬೆಯು ೩೫ ಡಿಗ್ರಿಯ ಸೆಕೆಯನ್ನೂ ಸಹಿಸುತ್ತದೆ. ಈ ಎರಡಕ್ಕೂ ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ ೮೦ರಿಂದ ೯೦ರಷ್ಟು ಇರಬೇಕು. ಗದಗದ ಬೇಸಗೆಯ ಮಧ್ಯಾಹ್ನಗಳಲ್ಲಿ ಅದು ೨೦ಕ್ಕೆ ಇಳಿಯುವುದುಂಟು.

ಇಷ್ಟನ್ನು ಕೇಳಿದವರು ಅಣಬೆಯು ಮಲೆನಾಡಿಗೋ ಕರಾವಳಿಗೋ ಸಲ್ಲತಕ್ಕ ಬೆಳೆಯೆಂದು ತೀರ್ಮಾನಿಸಿಬಿಡಬಹುದು. ಆದರೆ ಪ್ರಕೃತಿಯ ಲೆಕ್ಕ ಅಷ್ಟು ಸರಳವಲ್ಲ. ನೀರು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹರವಿಯ ನೀರು ತಂಪಾಗುವುದು ಇದರಿಂದಲೇ. ಗಾಳಿ ಎಷ್ಟು ಒಣಗಿರುವುದೋ ಈ ತಂಪು ಅಷ್ಟು ಅಧಿಕ. ೪೦ ಡಿಗ್ರಿಯ ಬಿಸಿಲಿನಲ್ಲಿ ಆರ್ದ್ರತೆಯು ೨೦ ಇದ್ದರೆ, ನೀರಿನ ಆವಿಯಿಂದಲೇ ಗಾಳಿಯನ್ನು ಸುಮಾರು ೨೩ ಡಿಗ್ರಿಯವರೆಗೆ ತಣಿಸಬಹುದೆಂದು ಭೌತಶಾಸ್ತ್ರ ಹೇಳುತ್ತದೆ. ಕರಾವಳಿಯಲ್ಲಿ ೩೪ ಡಿಗ್ರಿಯ ಸೆಕೆ, ೭೦ರ ಆರ್ದ್ರತೆ ಇರುವ ದಿನ ಎಷ್ಟೇ ನೀರೆರಚಿದರೂ ೨೯ ಡಿಗ್ರಿಗಿಂತ ಕೆಳಗಿಳಿಯದು. ಒದ್ದೆ ಗೋಣಿತಟ್ಟು ಆ ೨೩ರ ಎಲ್ಲೆಯನ್ನು ಮುಟ್ಟಲಾರದಾದರೂ ೨೮ರ ಆಸುಪಾಸಿಗೆ ತರಬಲ್ಲುದು. ಅಷ್ಟಾದರೆ ಚಿಪ್ಪಣಬೆಗೆ ಸಾಕು. ಶತ್ರುವೆಂದು ತೋರುವ ಒಣಗಾಳಿಯೇ, ನೀರಿನ ಜೊತೆಗೂಡಿದಾಗ, ಮುಂಡರಗಿಯ ಕೋಣೆಯನ್ನು ಮಂಗಳೂರಿನ ಕೋಣೆಗಿಂತ ತಂಪಾಗಿಸುತ್ತದೆ.

ಆದರೆ ತಟ್ಟು ಒಣಗುವ ಮುನ್ನ ಅದನ್ನು ಮತ್ತೆ ನೆನೆಸುವವರು ಬೇಕು. ತೊಡಕಿನ ಗಂಟು ಇರುವುದು ಇಲ್ಲಿಯೇ.

ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ, ಎರಡು ಎಕರೆ ಒಣಭೂಮಿಯುಳ್ಳ ಒಬ್ಬ ಹೆಣ್ಣುಮಗಳು ಮನೆಯ ಹಿಂದಿನ ಕೋಣೆಯಲ್ಲಿ ನೂರು ಚೀಲಗಳನ್ನು ತೂಗುಹಾಕಿದಳೆಂದು ಭಾವಿಸಬಹುದು. ಬೀಜಕ್ಕೆ, ಚೀಲಕ್ಕೆ, ಉರುವಲಿಗೆ ಸ್ವಸಹಾಯ ಸಂಘದಿಂದ ಸಾಲ ತಂದಿದ್ದಾಳೆ. ಆಕೆ ಬೆಳಿಗ್ಗೆ ನೀರು ಚಿಮುಕಿಸಿ, ತಟ್ಟನ್ನು ನೆನೆಸಿ, ರೊಟ್ಟಿ ಕಟ್ಟಿಕೊಂಡು ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ. ಹೊತ್ತು ನೆತ್ತಿಗೇರಿದಾಗ ಬಿಸಿಗಾಳಿ ಬೀಸುತ್ತದೆ; ತಟ್ಟು ಒಣಗುತ್ತದೆ. ಮನೆಯಲ್ಲಿರುವ ಅತ್ತೆಗೆ ಕಣ್ಣು ಮಂದ, ಮಕ್ಕಳು ಶಾಲೆಯಲ್ಲಿದ್ದಾರೆ. ಸಂಜೆ ಆಕೆ ಬಂದು ಬಾಗಿಲು ತೆರೆದಾಗ ಮೊಗ್ಗುಗಳು ಮುರುಟಿಹೋಗಿವೆ. ಮೊದಲ ಕೊಯ್ಲು ಹೋಯಿತೆಂದರೆ ಸಾಲದ ಕಂತು ಹೋಯಿತೆಂದೇ ಅರ್ಥ. ಕೋಣೆಯಲ್ಲಿಯೇ ಕಾದು ಕುಳಿತರೆ ಅಣಬೆ ಉಳಿಯುತ್ತದೆ, ಕೂಲಿ ತಪ್ಪುತ್ತದೆ. ಅಣಬೆಗೆ ಬೇಕಾದುದು ಮಹಾಬುದ್ಧಿಯಲ್ಲ, ನಡುಹಗಲಿನ ಹಾಜರಿ. ಬಡವರ ಬಳಿ ಇಲ್ಲದಿರುವುದೂ ಅದೇ. ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿಗಳ ಹಳ್ಳಿ-ತಾಂಡಾಗಳಿಂದ ಗೋವೆಗೋ ಮಂಗಳೂರಿಗೋ ದುಡಿಯಲು ಗುಳೆ ಹೋಗುವ ಕುಟುಂಬಗಳ ಪಾಲಿಗೆ, ಊರಲ್ಲಿಯೇ ನಿಂತು ನಾಲ್ಕು ಕಾಸು ಕಾಣುವ ದಾರಿ ಉಳಿಯುವುದೋ ಮುಚ್ಚುವುದೋ ಎಂಬುದು ಇಂಥ ಒಂದೆರಡು ಗಂಟೆಗಳ ಮೇಲೆ ನಿಂತಿರುತ್ತದೆ.

ಇಲ್ಲಿಗೆ ಹೊಸ ಕಾಲದ ಒಂದು ಉಪಕರಣ ನೆರವಾಗಬಲ್ಲುದು. ಅದರ ಅಂಗಗಳು ಮೂರು. ಮೊದಲನೆಯದು ಸಂವೇದಕ: ತೇವವನ್ನು ಹೀರುವ ತೆಳುವಾದ ಪದರವೊಂದು ಅದರಲ್ಲಿದ್ದು, ಗಾಳಿಯ ಆರ್ದ್ರತೆ ಏರಿಳಿದಂತೆ ಆ ಪದರದ ವಿದ್ಯುದ್ಗುಣ ಬದಲಾಗುತ್ತದೆ, ಉಷ್ಣವನ್ನೂ ಅದು ಅಳೆಯುತ್ತದೆ. ಎರಡನೆಯದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಗಣಕ: ಸಂವೇದಕ ತಿಳಿಸಿದ ಅಂಕಿಯನ್ನು, ಬೆಳೆಗಾರರು ಮೊದಲೇ ಗೊತ್ತುಮಾಡಿಟ್ಟ ಮಿತಿಯೊಡನೆ ಅದು ಹೋಲಿಸುತ್ತದೆ. ಮೂರನೆಯದು ಸ್ವಿಚ್ಚು: ಆರ್ದ್ರತೆ ೮೦ಕ್ಕಿಂತ ಇಳಿದರೆ ಪಂಪು ಚಾಲೂ ಆಗಿ ಮಂಜಿನಂತೆ ನೀರು ಚಿಮ್ಮುತ್ತದೆ, ೯೦ ಮುಟ್ಟಿದರೆ ನಿಲ್ಲುತ್ತದೆ. ಆ ಗಣಕವು ನಿಸ್ತಂತುವಾಗಿ ಅಂತರ್ಜಾಲಕ್ಕೆ ಸೇರಿಕೊಂಡರೆ ಕೋಣೆಯ ಸ್ಥಿತಿಯನ್ನು ಹೊಲದಲ್ಲಿರುವವಳ ಮೊಬೈಲ್ ಫೋನಿಗೂ ತಿಳಿಸುತ್ತದೆ. ಇದನ್ನೇ ವಸ್ತುಗಳ ಅಂತರ್ಜಾಲವೆಂದು ಕರೆಯುತ್ತಾರೆ. ನೆದರ್ಲೆಂಡ್ಸಿನ ದೊಡ್ಡ ಅಣಬೆ ಕೇಂದ್ರಗಳಲ್ಲಿ ಹವೆಯನ್ನು ಗಣಕಯಂತ್ರಗಳೇ ಆಳುತ್ತವೆ. ಇದು ಅವುಗಳ ಬಡನೆಂಟ. ಸಂವೇದಕಕ್ಕೂ ಪುಟ್ಟ ಗಣಕಕ್ಕೂ ಇಂದು ಕೆಲವು ನೂರು ರೂಪಾಯಿಗಳ ಬೆಲೆಯಷ್ಟೆ. ಪಂಪು, ಕೊಳವೆ, ಬ್ಯಾಟರಿಗಳ ವೆಚ್ಚವೇ ಹೆಚ್ಚು.

ತೇವವನ್ನು ಕಾಯುವುದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಕಾರ್ಯವುಂಟು. ತೇವ ಉಳಿಯಲೆಂದು ಕೋಣೆಯನ್ನು ಬಿಗಿಯಾಗಿ ಮುಚ್ಚಿದರೆ ಅಣಬೆಯು ತಾನು ಬಿಟ್ಟ ಉಸಿರಿನಲ್ಲಿಯೇ ಉಸಿರುಗಟ್ಟುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಇಂಗಾಲದ ಡೈಆಕ್ಸೈಡು ೪೨೦ ಪಾಲಿನಷ್ಟಿದೆ. ಕೋಣೆಯಲ್ಲಿ ಅದು ಸಾವಿರವನ್ನು ಮೀರಿತೆಂದರೆ ಕಾಂಡ ಉದ್ದವಾಗಿ, ಕೊಡೆ ಚಿಕ್ಕದಾಗಿ ಅಣಬೆಯು ವಿಕಾರಗೊಳ್ಳುತ್ತದೆ. ಅಂಥದನ್ನು ಪೇಟೆಯಲ್ಲಿ ಯಾರೂ ಕೊಳ್ಳರು. ಕಿಟಕಿಯನ್ನು ತೆರೆದರೆ ಹೊಸ ಗಾಳಿಯೂ ಬರುತ್ತದೆ, ಒಳಗಿನ ತೇವವೂ ಹಾರಿಹೋಗುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸುವುದೇ ಅಣಬೆ ಬೆಳೆಗಾರರ ಜಾಣ್ಮೆ. ಗಂಟೆಗೊಮ್ಮೆ ಕೆಲವು ನಿಮಿಷ ಫ್ಯಾನು ತಿರುಗಿಸಿ, ಬರುವ ಗಾಳಿಯನ್ನು ಒದ್ದೆ ತಟ್ಟಿನ ಮೂಲಕವೇ ಬರಮಾಡಿಕೊಳ್ಳುವ ವ್ಯವಸ್ಥೆ ಇದ್ದರೆ ಅದು ಸಾಧ್ಯ. ಈ ಡೈಆಕ್ಸೈಡನ್ನು ಅಳೆಯುವ ಸಂವೇದಕಕ್ಕೆ ಬೆಲೆ ಹಲವು ಪಟ್ಟು ಅಧಿಕ; ಸಣ್ಣ ಕೋಣೆಗೆ ಅದು ಅನಗತ್ಯವೆಂದೇ ಹೇಳಬೇಕು. ಅಣಬೆಯ ಕಾಂಡವೇ ಆ ಮಾಪಕ. ಅದು ನೀಳವಾಗತೊಡಗಿದರೆ ಫ್ಯಾನಿನ ವೇಳೆಯನ್ನು ಹೆಚ್ಚಿಸಿದರಾಯಿತು. ಗಾಳಿಯಾಟದಿಂದ ಬೆಳೆದವರ ಆರೋಗ್ಯಕ್ಕೂ ಹಿತವುಂಟು. ಚಿಪ್ಪಣಬೆಯು ಬಲಿತಾಗ ಕಣ್ಣಿಗೆ ಕಾಣದ ಅಸಂಖ್ಯ ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅವನ್ನು ದಿನವೂ ಉಸಿರಾಡಿದರೆ ಕೆಮ್ಮು, ದಮ್ಮು ಬರುವುದುಂಟು.

ಇಂಥ ಉಪಕರಣಗಳ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಮಣ್ಣಿನ ಗೋಡೆ, ನೆಲಕ್ಕೆ ಹಾಸಿದ ಮರಳು, ಒದ್ದೆ ಗೋಣಿ ಇಷ್ಟಿದ್ದರೆ ಯಂತ್ರದ ಹಂಗೇಕೆ ಎನ್ನುವವರು ಒಂದು ಕಡೆ. ಅವರ ಮಾತಿನಲ್ಲಿ ಹುರುಳಿದೆ. ಹಂಚಿನ ಅಥವಾ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಶ್ರಾವಣದಿಂದ ಸಂಕ್ರಾಂತಿಯವರೆಗೆ, ಮನೆಯಲ್ಲಿಯೇ ಇರುವವರು ಯಂತ್ರವಿಲ್ಲದೆ ಚೆನ್ನಾಗಿಯೇ ಅಣಬೆ ಬೆಳೆದಾರು. ತಗಡಿನ ಸೂರಿನ ಕೋಣೆಗೆ ಎಂಥ ಯಂತ್ರವನ್ನು ತಂದು ಕೂಡಿಸಿದರೂ ಪ್ರಯೋಜನವಿಲ್ಲ; ಮೊದಲು ಸೂರಿಗೆ ನೆರಳಾಗಬೇಕು. ಆದರೆ ಹಗಲೆಲ್ಲ ಮನೆಯಲ್ಲಿಯೇ ಇರಬಲ್ಲವರು ಯಾರೆಂಬ ಪ್ರಶ್ನೆಯನ್ನು ಇವರು ಕೇಳಿಕೊಳ್ಳುವುದಿಲ್ಲ. ಇನ್ನೊಂದು ಕಡೆ, ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುವುದು, ಬೆಳೆಗಾರರು ಫೋನನ್ನು ನೋಡುತ್ತಿದ್ದರೆ ಸಾಕು ಎನ್ನುವವರಿದ್ದಾರೆ. ಇವರ ಮಾತು ಮೊದಲಿನವರದಕ್ಕಿಂತ ಅಪಾಯಕರ. ಏಕೆಂದರೆ ಇವರು ಬಹುಮಟ್ಟಿಗೆ ಯಂತ್ರವನ್ನು ಮಾರುವವರು.

ಯಂತ್ರವು ತಪ್ಪುವ ಬಗೆಗಳು ಹಲವು. ವಿದ್ಯುತ್ತು ಕೈಕೊಡುತ್ತದೆ, ಅದೂ ಬೇಸಗೆಯ ನಡುಹಗಲಿನಲ್ಲಿಯೇ. ಕಪ್ಪತಗುಡ್ಡದ ಮರೆಯ ಹಳ್ಳಿಗಳಲ್ಲಿ ಫೋನಿನ ಸಂಕೇತ ಸಿಗದೆ ಹೋಗುವುದುಂಟು. ಕೋಣೆಯ ಯಂತ್ರಕ್ಕೆ ಆಜ್ಞೆ ಎಲ್ಲೋ ದೂರದ ನಗರದ ಗಣಕದಿಂದ ಬರಬೇಕೆಂದಿದ್ದರೆ, ಸಂಪರ್ಕ ಕಡಿದ ಗಳಿಗೆಯಲ್ಲಿ ಅಣಬೆ ಅನಾಥವಾಗುತ್ತದೆ. ಆದುದರಿಂದ ನಿರ್ಧಾರ ಕೈಗೊಳ್ಳುವ ಬುದ್ಧಿ ಕೋಣೆಯೊಳಗಿನ ಪೆಟ್ಟಿಗೆಯಲ್ಲಿಯೇ ಇರತಕ್ಕದ್ದು; ಅಂತರ್ಜಾಲವು ಸುದ್ದಿ ಒಯ್ಯುವ ಅಂಚೆಯವನಾಗಿರಬೇಕೇ ಹೊರತು ಮನೆಯ ಯಜಮಾನನಾಗಬಾರದು. ಚಿಕ್ಕ ಸೌರಫಲಕವೂ ಬ್ಯಾಟರಿಯೂ ಜೊತೆಗಿದ್ದರೆ ಅಂಥ ಪೆಟ್ಟಿಗೆಯನ್ನೂ ಸಣ್ಣ ಪಂಪನ್ನೂ ನಡೆಸಲು ಸಾಕಾಗುತ್ತದೆ.

ನೀರಿನದು ಇನ್ನೊಂದು ತಂಟೆ. ಈ ಜಿಲ್ಲೆಯ, ಅದರಲ್ಲಿಯೂ ಮುಂಡರಗಿ ತಾಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಗಡಸುನೀರಿನ ಸುಣ್ಣವು ಮಂಜು ಚಿಮ್ಮುವ ಸೂಜಿಗಣ್ಣಿನಂಥ ರಂಧ್ರಗಳಲ್ಲಿ ಕಟ್ಟಿಕೊಂಡು ಕೆಲವೇ ವಾರಗಳಲ್ಲಿ ಅವನ್ನು ಮುಚ್ಚುತ್ತದೆ. ಪೆಟ್ಟಿಗೆಯು ಪಂಪು ನಡೆಯುತ್ತಿದೆಯೆಂದು ವರದಿ ಮಾಡುತ್ತಲೇ ಇರುತ್ತದೆ. ನೀರು ಮಾತ್ರ ಬರುವುದಿಲ್ಲ. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಬಳಸುವುದೇ ಇದಕ್ಕೆ ತಕ್ಕ ಉಪಾಯ. ನಿಂಬೆರಸದಲ್ಲೋ ವಿನೆಗರಿನಲ್ಲೋ ನೆನೆಯಿಟ್ಟು ತೊಳೆದರೂ ಸುಣ್ಣ ಬಿಡುತ್ತದೆ.

ಸಂವೇದಕವೂ ಸುಳ್ಳಾಡುವುದುಂಟು. ಸದಾ ಒದ್ದೆಯಾದ ಗಾಳಿಯಲ್ಲಿದ್ದು ಅದರ ಮೈಮೇಲೆ ನೀರಿನ ಹನಿಗಟ್ಟಿದರೆ, ಕೋಣೆ ಒಣಗುತ್ತಿದ್ದರೂ ೯೯ ಎಂದೇ ತೋರಿಸುತ್ತದೆ. ಪಂಪು ಏಳುವುದೇ ಇಲ್ಲ. ಕೆಲವು ತಿಂಗಳಾದ ಮೇಲೆ ಅಂಕಿ ಕೆಳಕ್ಕೆ ಜಾರಿದರೆ ಪಂಪು ನಿಲ್ಲುವುದೇ ಇಲ್ಲ. ಅಣಬೆಯ ಮೇಲೆ ಕಂದುಬಣ್ಣದ ಕೊಳೆಮಚ್ಚೆಗಳು ಮೂಡುತ್ತವೆ. ಆದುದರಿಂದ ಸಂವೇದಕವನ್ನು ಆಗಾಗ ಪರೀಕ್ಷೆಗೆ ಒಡ್ಡಬೇಕು. ಈ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ, ಅಡುಗೆಮನೆ ಸಾಕು. ಒಂದು ಚಿಕ್ಕ ಬಟ್ಟಲಿನಲ್ಲಿ ಅಡುಗೆಯ ಉಪ್ಪನ್ನು ಹಾಕಿ, ಅದು ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ, ಬಿಗಿಯಾದ ಮುಚ್ಚಳವಿರುವ ಡಬ್ಬಿಯೊಳಗೆ ಸಂವೇದಕದೊಡನೆ ಒಂದು ರಾತ್ರಿ ಇಟ್ಟರೆ, ಆ ಡಬ್ಬಿಯೊಳಗಿನ ಗಾಳಿಯ ಆರ್ದ್ರತೆಯು ೭೫ಕ್ಕೆ ಬಂದು ನಿಲ್ಲುತ್ತದೆ. ಬೇಸಗೆಯಿರಲಿ, ಚಳಿಗಾಲವಿರಲಿ, ಈ ಅಂಕಿ ಹೆಚ್ಚು ಬದಲಾಗದು. ಸಂವೇದಕ ೭೫ನ್ನು ತೋರಿಸಿದರೆ ಅದು ನಂಬಿಕೆಗೆ ಅರ್ಹ. ೬೫ನ್ನು ತೋರಿಸಿದರೆ ಹತ್ತು ಕಡಿಮೆ ಹೇಳುತ್ತಿದೆಯೆಂದು ತಿಳಿದು ಮಿತಿಯನ್ನು ಸರಿಪಡಿಸಿಕೊಳ್ಳಬಹುದು. ದಿನಕ್ಕೊಂದು ಅಂಕಿ ತೋರಿಸಿದರೆ ಬದಲಿಸಬೇಕು. ಲಕ್ಷ್ಮೇಶ್ವರದ ಯಾವುದೇ ಪ್ರೌಢಶಾಲೆಯ ವಿಜ್ಞಾನದ ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಊರಿನ ಅಣಬೆ ಬೆಳೆಗಾರರು ತಮ್ಮ ಸಂವೇದಕಗಳನ್ನು ಅಲ್ಲಿಗೇ ತಂದುಕೊಡಬಹುದು. ಇಷ್ಟು ಅಗ್ಗದ ಪರೀಕ್ಷೆಯನ್ನು ಯಂತ್ರದೊಡನೆ ಬರುವ ಕೈಪಿಡಿಗಳು ಏಕೆ ದೊಡ್ಡಕ್ಷರಗಳಲ್ಲಿ ಮುದ್ರಿಸವೋ ತಿಳಿಯದು.

ಒಂಟಿ ಬೆಳೆಗಾರಳು ಇವೆಲ್ಲವನ್ನೂ ನಿಭಾಯಿಸಲಾರಳು. ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ನಗರಕ್ಕೆ ಕಳಿಸಿ ಹದಿನೈದು ದಿನ ಕಾಯುವಂತಿಲ್ಲ. ಬೆಳೆಯ ಆಯುಸ್ಸೇ ಎರಡು ತಿಂಗಳು. ಇಂಥ ಸಂದರ್ಭದಲ್ಲಿ ಈ ಸೀಮೆಯವರು ಪರಊರಿನ ಮಾದರಿಯನ್ನು ಹುಡುಕಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರಿ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಸಹಕಾರಿ ಸಂಘಗಳ ಕಾಯಿದೆ ಬಂದುದು ೧೯೦೪ರಲ್ಲಿ; ಮರುವರ್ಷವೇ ಹಳ್ಳಿಯ ಒಕ್ಕಲಿಗರು ಅದನ್ನು ಕೈಗೆತ್ತಿಕೊಂಡರು. ಅಂದು ಅವರನ್ನು ಕಾಡುತ್ತಿದ್ದುದು ಸಾಹುಕಾರನ ಬಡ್ಡಿ. ಒಬ್ಬೊಬ್ಬನಿಗೆ ಸಿಗದ ಸಾಲವನ್ನು ಎಲ್ಲರೂ ಕೂಡಿ ಪಡೆದರು.

ಹತ್ತು ಕೋಣೆಗಳ ಹತ್ತು ಹೆಣ್ಣುಮಕ್ಕಳು ಕೂಡಿದರೆ ಎರಡು ಸಂವೇದಕಗಳನ್ನೂ ಒಂದು ಪಂಪನ್ನೂ ಹೆಚ್ಚಿಗೆ ತಂದಿಡಬಹುದು. ಹುಲ್ಲನ್ನು ಬೇಯಿಸುವ ಪೀಪಾಯಿಯನ್ನು ಹಂಚಿಕೊಳ್ಳಬಹುದು. ಐಟಿಐ ಕಲಿತ ಊರಿನ ಯುವಕನೊಬ್ಬನಿಗೆ ತಿಂಗಳಿಗೆ ಇಷ್ಟೆಂದು ಕೊಟ್ಟು ರಿಪೇರಿಯನ್ನು ಒಪ್ಪಿಸಬಹುದು. ಅಲ್ಲದೆ ಹತ್ತು ಕೋಣೆಗಳ ಅಂಕಿಗಳು ಒಂದೆಡೆ ಸೇರಿದಾಗ ಒಂದೇ ಕೋಣೆಯ ಅಂಕಿ ಹೇಳದ ಸಂಗತಿಗಳು ಗೋಚರಿಸುತ್ತವೆ. ಒಂದೇ ಬೀಜ, ಒಂದೇ ವಾರ, ಆದರೂ ಬೇವಿನ ಮರದ ನೆರಳಿನ ಕೋಣೆಯ ಇಳುವರಿ ಹೆಚ್ಚು. ಪಡುವಣಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಮೂರು ಗಂಟೆಯ ಹೊತ್ತಿಗೆ ತೇವ ಕುಸಿಯುತ್ತದೆ. ಹಸಿರು ಬೂಷ್ಟು ಎಲ್ಲ ಕೋಣೆಗಳಲ್ಲಿಯೂ ಒಮ್ಮೆಗೇ ಕಂಡರೆ ದೋಷ ಬೀಜದಲ್ಲಿಯೋ ಹುಲ್ಲು ಬೇಯಿಸಿದ ಬಗೆಯಲ್ಲಿಯೋ ಇರಬೇಕು. 'ನಿನ್ನ ಕೈಗುಣ ಸರಿಯಿಲ್ಲ' ಎಂದು ಒಬ್ಬಳನ್ನು ಹಳಿಯುವುದು ಆಗ ತಪ್ಪುತ್ತದೆ. ಈ ಅಂಕಿಗಳನ್ನು ಹುಲಕೋಟಿಯಲ್ಲಿಯೋ ಧಾರವಾಡದಲ್ಲಿಯೋ ಇರುವ ತಜ್ಞರು ಕುಳಿತಲ್ಲಿಯೇ ನೋಡಿ ಸಲಹೆ ನೀಡಬಹುದು.

ಅದೇ ಅಂಕಿಗಳನ್ನು ಇನ್ನಾರೋ ನೋಡುವ ಸಂಭವವೂ ಇದೆಯೆಂಬುದನ್ನು ಮರೆಯಲಾಗದು. ಅಣಬೆಯು ಕೊಯ್ದ ಮೇಲೆ ಒಂದೆರಡು ದಿನಕ್ಕಿಂತ ಹೆಚ್ಚು ಉಳಿಯದ ಸರಕು. ನಾಳೆ ಎಷ್ಟು ಕೋಣೆಗಳಲ್ಲಿ ಎಷ್ಟು ಅಣಬೆ ಕೊಯ್ಲಿಗೆ ಬರಲಿದೆಯೆಂಬುದು ಕೊಳ್ಳುವ ವ್ಯಾಪಾರಿಗೆ ಇಂದೇ ತಿಳಿದರೆ, ದರವನ್ನು ಅವನೇ ಗೊತ್ತುಮಾಡುತ್ತಾನೆ. ಪೆಟ್ಟಿಗೆಯನ್ನು ಪುಕ್ಕಟೆಯಾಗಿ ಕೊಡುತ್ತೇವೆಂದು ಬರುವವರು ಬಹುಶಃ ಅದರ ಬೆಲೆಯನ್ನು ಈ ದಾರಿಯಲ್ಲಿಯೇ ವಸೂಲು ಮಾಡಿಕೊಂಡಾರು. ಅಂಕಿಗಳ ಒಡೆತನ ಸಂಘದ್ದೆಂದೂ, ಸಂಘದ ಒಪ್ಪಿಗೆಯಿಲ್ಲದೆ ಅವು ಊರನ್ನು ಬಿಟ್ಟು ಹೋಗತಕ್ಕದ್ದಲ್ಲವೆಂದೂ ಕರಾರುಪತ್ರದಲ್ಲಿ ಬರೆಯಿಸಿಕೊಳ್ಳುವುದು ಲೇಸು. ಬೀಜವನ್ನು ನಾವೇ ಕೊಡುತ್ತೇವೆ, ಬೆಳೆದ ಅಣಬೆಯನ್ನೆಲ್ಲ ನಾವೇ ಕೊಳ್ಳುತ್ತೇವೆ, ಲಕ್ಷಗಟ್ಟಲೆ ಗಳಿಸಿರಿ ಎಂಬ ಜಾಹೀರಾತುಗಳನ್ನು ನಂಬಿ ಮುಂಗಡ ಕೊಟ್ಟವರು, ಕೊಯ್ಲಿನ ದಿನ ಕೊಳ್ಳುವವರನ್ನು ಕಾಣದೆ ಕೈ ಹಿಸುಕಿಕೊಂಡ ಪ್ರಸಂಗಗಳು ದೇಶದ ಹಲವೆಡೆ ನಡೆದಿವೆ.

ಮಾರುಕಟ್ಟೆಯೂ ತಾನಾಗಿ ಹುಟ್ಟುವುದಿಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಣಬೆಯು ಸಸ್ಯಾಹಾರವೋ ಅಲ್ಲವೋ ಎಂಬ ಸಂದೇಹ ಇನ್ನೂ ಹೋಗಿಲ್ಲ. ಮಿರ್ಚಿ ಭಜಿ, ಗಿರ್ಮಿಟ್ಟುಗಳಿಗೆ ಹೆಸರಾದ ಗದಗಿನಲ್ಲಿ ಅಣಬೆಯ ಭಜಿ ಮಾಡಿ ತೋರಿಸುವ ಒಬ್ಬ ಧೈರ್ಯವಂತ ಅಂಗಡಿಯವನಿಂದ ಆಗುವಷ್ಟು ಪ್ರಚಾರ ಹತ್ತು ಭಾಷಣಗಳಿಂದ ಆಗಲಾರದು. ಮಾರಾಟವಾಗದೆ ಉಳಿದುದನ್ನು ಒಣಗಿಸಬಹುದು. ಇಲ್ಲಿಯೂ ಗದಗದ ಒಣಗಾಳಿ ಮಿತ್ರನೇ: ಹತ್ತು ಕಿಲೋಗ್ರಾಂ ಹಸಿ ಚಿಪ್ಪಣಬೆಯನ್ನು ಪರದೆಯ ಕೆಳಗೆ ಬಿಸಿಲಿಗೆ ಹರವಿದರೆ ಒಂದು ಕಿಲೋಗ್ರಾಂ ಒಣ ಅಣಬೆಯಾಗಿ ತಿಂಗಳುಗಟ್ಟಲೆ ಬಾಳುತ್ತದೆ. ಬಿಸಿಲು ತಾಗಿದ ಅಣಬೆಯಲ್ಲಿ ಡಿ ಜೀವಸತ್ವವೂ ವೃದ್ಧಿಯಾಗುತ್ತದೆ. ಹೆಸರಘಟ್ಟದ ಸಂಸ್ಥೆಯವರು ಅಣಬೆಯ ಪುಡಿಯನ್ನು ಬೆರೆಸಿದ ಚಟ್ನಿಪುಡಿಯನ್ನೂ ಸಾರಿನ ಪುಡಿಯನ್ನೂ ಸಿದ್ಧಪಡಿಸಿದ್ದಾರೆ. ಶೇಂಗಾ ಚಟ್ನಿಯಿಲ್ಲದೆ ಊಟವೇರದ ಜೋಳದ ರೊಟ್ಟಿಯ ನಾಡಿನಲ್ಲಿ ಅದಕ್ಕೆ ಎಡೆ ದೊರಕಬಾರದೇಕೆ?

ಶಿರಹಟ್ಟಿಯ ಆ ಹೆಣ್ಣುಮಗಳ ಕೋಣೆಯಲ್ಲಿ ಇಂಥ ಪೆಟ್ಟಿಗೆಯೊಂದು ಗೋಡೆಗೆ ತೂಗಿದೆಯೆಂದು ಈಗ ಭಾವಿಸಬಹುದು. ಮೆಣಸಿನಕಾಯಿ ಹರಿಯುವ ಕೂಲಿಯ ನಡುವೆ ಫೋನು ಒಮ್ಮೆ ಗುಂಯ್‌ಗುಟ್ಟುತ್ತದೆ: ಆರ್ದ್ರತೆ ೭೮, ಪಂಪು ಚಾಲೂ ಆಗಿದೆ. ಹತ್ತು ನಿಮಿಷದ ಮೇಲೆ ಇನ್ನೊಮ್ಮೆ: ೮೮. ಆಕೆ ಸೆರಗನ್ನು ಸಿಕ್ಕಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಾಳೆ. ಸಂಜೆ ಮನೆಗೆ ಬಂದವಳು ಮೊದಲು ನೋಡುವುದು ಪೆಟ್ಟಿಗೆಯ ಅಂಕಿಯನ್ನಲ್ಲ, ಚೀಲಗಳನ್ನು. ಕೊಡೆಯ ಅಂಚು ಒಳಕ್ಕೆ ಬಾಗಿದೆಯೋ, ಮೇಲಕ್ಕೆ ಮಡಿಸತೊಡಗಿದೆಯೋ, ಕಾಂಡ ನೀಳವಾಗಿದೆಯೋ, ಮೂಲೆಯ ಚೀಲದಿಂದ ಹುಳಿವಾಸನೆ ಬರುತ್ತಿದೆಯೋ ಎಂದು ಒಂದೊಂದನ್ನೂ ಮುಟ್ಟಿ, ಮೂಸಿ ನೋಡುತ್ತಾಳೆ. ಎಡಬದಿಯ ಸಾಲಿನ ಚೀಲಗಳು ಬಲಬದಿಯವಕ್ಕಿಂತ ಒಣಗಿದಂತೆ ಕಾಣುತ್ತವೆ. ಪೆಟ್ಟಿಗೆ ಅದನ್ನು ತಿಳಿಸಿರಲಿಲ್ಲ. ಮಂಜು ಚಿಮ್ಮುವ ಒಂದು ರಂಧ್ರಕ್ಕೆ ಸುಣ್ಣ ಕಟ್ಟಿದೆ. ಆಕೆ ಅದನ್ನು ತಿರುಗಿಸಿ ಬಿಚ್ಚಿ, ನಿಂಬೆಹಣ್ಣಿನ ಹೋಳಿನೊಡನೆ ಬಟ್ಟಲಲ್ಲಿ ನೆನೆಯಿಡುತ್ತಾಳೆ. ಬಲಬದಿಯ ಗೊಂಚಲುಗಳನ್ನು ಬುಡದಿಂದ ತಿರುವಿ ಕಿತ್ತು, ನಾಳೆ ಬೆಳಗಿನ ಲಕ್ಷ್ಮೇಶ್ವರದ ಬಸ್ಸಿಗೆಂದು ಬುಟ್ಟಿಗೆ ತುಂಬುತ್ತಾಳೆ.